ಅಜ್ಜಿ ಯಾವುದರಿಂದ ತೀರಿಕೊಂಡರು?

ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಒಂದಕ್ಕೆ ನಮ್ಮ ಕಡೆಯವರ ಹತ್ತಿರ ಉತ್ತರ ಇರುವುದಿಲ್ಲ. ನೋವು ಎಲ್ಲಿ, ಯಾವಾಗಿನಿಂದ, ಊಟ ಸೇರುತ್ತದಾ, ನಿದ್ದೆ ಬರುತ್ತದಾ ಎಂದು ಕೇಳಿದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನ ಸವಿಸ್ತಾರವಾಗಿಯೇ ಹೇಳುತ್ತಾರೆ. ಮೊನ್ನೆ ತಿಂದ ಬಂಗುಡೆಯಿಂದ ಹಿಡಿದು ಹೋದ ವರ್ಷದ ಮಳೆಗಾಲದ ಜ್ವರದವರೆಗೆ ಎಲ್ಲವೂ ಬರುತ್ತದೆ. ಆದರೆ "ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ?" ಎಂದ ಕೂಡಲೇ ಮಾತು ನಿಲ್ಲುತ್ತದೆ. ಅಜ್ಜ ಯಾವುದರಿಂದ ತೀರಿಕೊಂಡರು ಎಂದರೆ "ಪ್ರಾಯ ಆಗಿತ್ತು" ಎನ್ನುತ್ತೇವೆ. ಮನೆಯ ಮದುವೆ, ಮಕ್ಕಳ ಜನನ ಎಲ್ಲ ಹಿಡಿದು ಲೆಕ್ಕ ಹಾಕಿದರೆ ಆ ಪ್ರಾಯ ಐವತ್ತೆರಡೋ ಐವತ್ತಮೂರೋ ಆಗಿರುತ್ತದೆ.

ಕಾಯಿಲೆಯ ವಿಷಯದಲ್ಲಿ ಸಲಹೆ ಕೇಳುವುದಕ್ಕೆ ನಮ್ಮ ಸೀಮೆಯಲ್ಲಿ ಒಂದು ಚರಿತ್ರೆ ಇದೆ. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬ ದಾರಿಗಳ ಚರಿತ್ರೆ ಅದು. ಅದರ ಜೊತೆಗೇ ಇನ್ನೊಂದು ಚರಿತ್ರೆ ಸಾಗಿಬಂದಿದೆ. ಅಲ್ಲಿಗೆ ಹೋದ ಮೇಲೆ ಏನನ್ನು ಹೇಳಬಲ್ಲೆವು ಎಂಬುದು. ಮೊದಲನೆಯದು ನೂರೈವತ್ತು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಯಿತು. ಎರಡನೆಯದು ಹೆಚ್ಚುಕಡಿಮೆ ಇದ್ದಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ದಾರಿಗಳ ಮಾತು ಮೊದಲು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕನ್ನಡದ ಜೊತೆ ಮದ್ರಾಸ್ ಪ್ರಾಂತ್ಯದಲ್ಲೇ ಉಳಿಯಿತು. ಜಿಲ್ಲೆಯ ಕೇಂದ್ರ ಮಂಗಳೂರು. ಬೈಂದೂರಿನವನೊಬ್ಬ ಅಲ್ಲಿಗೆ ಹೋಗಬೇಕಾದರೆ ಸೌಪರ್ಣಿಕಾ, ಚಕ್ರಾ, ವಾರಾಹಿ, ಸೀತಾ, ಸ್ವರ್ಣಾ ಎಂದು ಹೊಳೆಯ ಮೇಲೆ ಹೊಳೆ ದಾಟಬೇಕಿತ್ತು. ಸೇತುವೆಗಳಿಲ್ಲದ ಕಾಲದಲ್ಲಿ ದೋಣಿಯೇ ಗತಿ. ಆಟಿ ತಿಂಗಳ ಮಳೆಯಲ್ಲಿ ದೋಣಿಯೂ ಕಷ್ಟ. ಹಾಗಾಗಿ ರೋಗಿ ಹೋಗುತ್ತಿರಲಿಲ್ಲ, ರೋಗಿಯ ಪರವಾಗಿ ಬೇರೆ ಯಾರೋ ಹೋಗಿ ಕೇಳಿ ಬರುತ್ತಿದ್ದರು. ಗಂಡ, ಅಣ್ಣ, ಇಲ್ಲವೇ ಒಕ್ಕಲಿನವರು ಪಂಡಿತರ ಮನೆಗೆ ಹೋಗಿ ಲಕ್ಷಣ ಹೇಳಿ ಕಷಾಯದ ಬೇರನ್ನೋ ಗುಳಿಗೆಯನ್ನೋ ತರುತ್ತಿದ್ದರು. ಈ ಲಕ್ಷಣ ಹೇಳುವವರು ಹೆಚ್ಚಿನ ಸಲ ಗಂಡಸರು. ಹೆಂಗಸಿನ ಕಾಯಿಲೆ ಅವರ ಬಾಯಿಗೆ ಬರುವಾಗ "ಉಷ್ಣ", "ನಿಶ್ಶಕ್ತಿ", "ಹೊಟ್ಟೆನೋವು" ಎಂಬ ಮೂರು ಮಾತುಗಳಲ್ಲಿ ಮುಗಿಯುತ್ತಿತ್ತು.

ಔಷಧದ ಜೊತೆಗೆ ಹರಕೆಯೂ ಇತ್ತು. ಈಗಿನ ಬೈಂದೂರು ತಾಲೂಕಿನ ಕೊಲ್ಲೂರಿನಲ್ಲಿ ರಾತ್ರಿ ಪೂಜೆಯ ಬಳಿಕ ಕಷಾಯ ತೀರ್ಥ ಕೊಡುತ್ತಾರೆ. ಶಂಕರಾಚಾರ್ಯರು ಅಲ್ಲಿ ಕಾಯಿಲೆ ಬಿದ್ದಾಗ ದೇವಿಯೇ ಕಷಾಯ ಮಾಡಿಕೊಟ್ಟಳೆಂಬುದು ಸ್ಥಳದ ಕತೆ. ದೇವರು ರೋಗಿಯ ಬಳಿಗೆ ಮದ್ದು ಹಿಡಿದು ಬರುವ ಈ ಕತೆ ನಮ್ಮೂರಿನ ಅಜ್ಜಿಯಂದಿರಿಗೆ ಬಹಳ ಪ್ರಿಯವಾದದ್ದು. ಬ್ರಹ್ಮಾವರದ ಮಂದಾರ್ತಿಯಲ್ಲಿ ಯಕ್ಷಗಾನ ಬಯಲಾಟದ ಹರಕೆ. ಮಗುವಿನ ಜ್ವರ ಇಳಿದರೆ, ಹೆರಿಗೆ ಸುಸೂತ್ರವಾದರೆ ಒಂದು ಆಟ ಆಡಿಸುತ್ತೇವೆ ಎಂದು ಹೇಳಿಕೊಂಡವರ ಸಾಲು ಎಷ್ಟು ದೊಡ್ಡದೆಂದರೆ ಇವತ್ತು ಆಟ ಬರೆಸಿದವರು ವರ್ಷಗಟ್ಟಲೆ ಕಾಯಬೇಕು. ಎಷ್ಟೋ ಸಲ ಹರಕೆ ಹೊತ್ತವರು ತೀರಿಕೊಂಡು ಅವರ ಮಕ್ಕಳು ಆಟ ಆಡಿಸುತ್ತಾರೆ. ಯಾವ ಕಾಯಿಲೆಗೆ ಹೇಳಿಕೊಂಡ ಹರಕೆ ಎಂದು ಆ ಮಕ್ಕಳನ್ನು ಕೇಳಿ ನೋಡಿ. ಹರಕೆ ನೆನಪಿರುತ್ತದೆ, ಕಾಯಿಲೆ ಮರೆತಿರುತ್ತದೆ.

ಹೊರಗಿನ ವೈದ್ಯ ಬಂದದ್ದು ಬಹುಮಟ್ಟಿಗೆ ಧರ್ಮಸಂಸ್ಥೆಗಳ ಮೂಲಕ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. ಬ್ರಹ್ಮಾವರದ ಆರ್ಥೊಡಾಕ್ಸ್ ಕ್ರೈಸ್ತ ಸಮುದಾಯದ ಮೂಲಪುರುಷರಲ್ಲಿ ಒಬ್ಬರಾದ ಗೋವೆಯ ಅಲ್ವಾರಿಸ್ ಮಾರ್ ಜೂಲಿಯಸ್ ಬಿಷಪ್ ಆಗಿದ್ದೂ ಕಾಲರಾಕ್ಕೆ ಏನು ಮಾಡಬೇಕೆಂದು ತಿಳಿಸುವ ಪುಸ್ತಿಕೆಯೊಂದನ್ನು ಪೋರ್ಚುಗೀಸಿನಲ್ಲಿ ಬರೆದಿದ್ದರು. ಆ ಕಾಲಕ್ಕೆ ಸಲಹೆ ಎಂದರೆ ಸಾಂಕ್ರಾಮಿಕ ರೋಗದ ಸಲಹೆಯೇ. ಊರಿಗೆ ಊರೇ ಮಲಗುವಾಗ ನಿಮ್ಮ ಮನೆಯಲ್ಲಿ ಹಿಂದೆ ಯಾರಿಗಿತ್ತು ಎಂದು ಕೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ನನ್ನ ದೃಷ್ಟಿಯಲ್ಲಿ ದೊಡ್ಡ ತಿರುವು 1923ರದು. ಆ ವರ್ಷ ಸ್ವಿಟ್ಜರ್ಲೆಂಡಿನ ವೈದ್ಯೆ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಚಿಕಿತ್ಸಾಲಯ ಪ್ರಾರಂಭಿಸಿದರು. ಇಂದು ಮಿಷನ್ ಆಸ್ಪತ್ರೆ ಎಂದು ಎಲ್ಲರೂ ಕರೆಯುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಅದರಿಂದ ಬೆಳೆದದ್ದು. ವೈದ್ಯೆ ಹೆಂಗಸು ಎಂಬುದು ಇಲ್ಲಿ ಸಣ್ಣ ಸಂಗತಿಯಲ್ಲ. ಗಂಡನ ಬಾಯಲ್ಲಿ "ನಿಶ್ಶಕ್ತಿ" ಎಂದಾಗುತ್ತಿದ್ದ ಕಾಯಿಲೆಯನ್ನು ಹೆಂಗಸು ತಾನೇ ಹೇಳಿಕೊಳ್ಳಬಹುದಾದ ಒಂದು ಜಾಗ ಸಿಕ್ಕಿತು. ಸ್ವರ್ಣಾ ನದಿ ದಂಡೆಯ ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿದ ಡಾ. ಟಿ. ಎಂ. ಎ. ಪೈ ಮದ್ರಾಸಿನಲ್ಲಿ ವೈದ್ಯಕೀಯ ಓದಿ ಉಡುಪಿಯಲ್ಲಿ ವೈದ್ಯವೃತ್ತಿ ಹಿಡಿದದ್ದೂ ಇದೇ ದಶಕದಲ್ಲಿ. 1925ರಲ್ಲಿ ಅವರು ಜೊತೆಗಾರರೊಂದಿಗೆ ಕಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನಮ್ಮ ಕಡೆ ಪಿಗ್ಮಿ ದುಡ್ಡು ಮದುವೆಗೆ ಎಷ್ಟು ಖರ್ಚಾಗಿದೆಯೋ ಆಸ್ಪತ್ರೆಗೂ ಅಷ್ಟೇ ಆಗಿರಬೇಕು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂತು. ಬರಿಯ ಗುಡ್ಡದ ಮೇಲೆ ಎದ್ದ ಆ ಖಾಸಗಿ ವೈದ್ಯಕೀಯ ಕಾಲೇಜಿನಿಂದಾಗಿ "ಮಣಿಪಾಲಕ್ಕೆ ಕರ್ಕೊಂಡು ಹೋದ್ರು" ಎಂಬ ಮಾತು ನಮ್ಮ ಭಾಷೆಯಲ್ಲಿ ಗಾಬರಿಯ ಅಳತೆಗೋಲೇ ಆಗಿಬಿಟ್ಟಿತು.

ಅಚ್ಚಿನ ಮೂಲಕವೂ ಸಲಹೆ ಬಂತು. ವೈದ್ಯೆ, ಕಾದಂಬರಿಕಾರ್ತಿ ಅನುಪಮಾ ನಿರಂಜನ ಅವರ 'ತಾಯಿ ಮಗು', 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ' ಪುಸ್ತಕಗಳು ಮನೆಮನೆಗೆ ಹೋದವು. ನಮ್ಮ ಮನೆಯ ಕಪಾಟಿನಲ್ಲಿ ರಾಮಾಯಣದ ಹಿಂದೆ ಅಡಗಿದ್ದ ಒಂದು ಪ್ರತಿಯನ್ನು ಅತ್ತೆಯರು ಸರದಿಯಲ್ಲಿ ಓದುತ್ತಿದ್ದದ್ದು ನನಗೆ ನೆನಪಿದೆ. ವಾರಪತ್ರಿಕೆಗಳಲ್ಲಿ ವೈದ್ಯರು ಉತ್ತರಿಸುವ ಪ್ರಶ್ನೆಗಳ ಪುಟ ಬರುತ್ತಿತ್ತು. ಹೆಸರು ಬೇಡ, ಊರು ಬೇಡ ಎಂದೇ ಬರೆದ ಪ್ರಶ್ನೆಗಳು. ಮುಖ ತೋರಿಸದೆ ಕೇಳಬಹುದು ಎಂಬುದೇ ಆ ಪುಟದ ದೊಡ್ಡ ಉಪಕಾರ. ಆಮೇಲಿನದು ನಮಗೆಲ್ಲ ಗೊತ್ತಿರುವ ಕತೆ. 2008ರ ನವೆಂಬರ್ ಒಂದರಿಂದ 108 ಆಂಬುಲೆನ್ಸ್, 2020ರ ಕೋವಿಡ್ ಕಾಲದಲ್ಲಿ ಮನೆಯಿಂದಲೇ ವೈದ್ಯರನ್ನು ಕಾಣುವ ಇ-ಸಂಜೀವಿನಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಚಿಕಿತ್ಸಾಲಯಗಳಿಗೆ ಇಸಿಜಿ ಯಂತ್ರ ತಲುಪಿಸಿ, ಅದರ ಚಿತ್ರ ವಾಟ್ಸಾಪಿನಲ್ಲಿ ಬಂದ ಕೂಡಲೇ ಸಲಹೆ ಸಿಗುವ ಏರ್ಪಾಟು ಮಾಡಿದರು. ಹೊಳೆಯ ಮೇಲೆ ಹೊಳೆ ದಾಟುವ ಕಾಲದಿಂದ ನಾವು ಇಲ್ಲಿಗೆ ಬಂದಿದ್ದೇವೆ.

ಇಷ್ಟೆಲ್ಲ ಆದ ಮೇಲೂ ಆ ಒಂದು ಪ್ರಶ್ನೆಗೆ ನಾವು ತಡಬಡಿಸುತ್ತೇವೆ. ನಮ್ಮದು ವಂಶದ ನೆನಪು ಇಲ್ಲದ ಸೀಮೆಯೇನೂ ಅಲ್ಲ. ಬ್ರಹ್ಮಾವರದ ಪಕ್ಕದ ಬಾರ್ಕೂರಿನ ಭೂತಾಳ ಪಾಂಡ್ಯನ ಹೆಸರಿಗೆ ಅಂಟಿಕೊಂಡು ಬಂದದ್ದು ಅಳಿಯಸಂತಾನ ಕಟ್ಟು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿದ್ದುದರಿಂದ ಅಜ್ಜಿ, ಅಜ್ಜಿಯ ಅಕ್ಕತಂಗಿಯರು, ಅವರ ಹೆಣ್ಣುಮಕ್ಕಳು ಎಂದು ಕವಲು ಕವಲಾಗಿ ಹೆಸರು ಹೇಳಬಲ್ಲವರಿದ್ದರು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ಬಳಿಕ ಪಾಲು ಕೇಳಿ ಕೋರ್ಟಿಗೆ ಹೋದ ಕುಟುಂಬಗಳು ವಂಶವೃಕ್ಷವನ್ನು ಕಾಗದದಲ್ಲೇ ಬರೆಸಿ ಕೊಟ್ಟವು. ಬೇರೆ ಕಡೆ ಗಂಡಸರ ಹೆಸರು ಮಾತ್ರ ಉಳಿದಾಗ ನಮ್ಮಲ್ಲಿ ಹೆಂಗಸರ ಹೆಸರು ಉಳಿದದ್ದು ದೊಡ್ಡ ಸಂಪತ್ತು. ಆದರೆ ಅದು ಆಸ್ತಿಗಾಗಿ ಇಟ್ಟ ಲೆಕ್ಕ. ಹೆಸರಿನ ಮುಂದೆ "ಮೃತ" ಎಂದಿರುತ್ತದೆ, ಹೇಗೆ ಎಂದು ಇರುವುದಿಲ್ಲ.

ಸರಕಾರದ ಲೆಕ್ಕವೂ ಹೆಚ್ಚು ಹೇಳುವುದಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ 1899ರಲ್ಲಿ ಜನನ ಮರಣ ನೋಂದಣಿಗೆ ಕಾನೂನು ಬಂತು. ಊರಿನ ಪಟೇಲರು ಪುಸ್ತಕ ಇಡಬೇಕಿತ್ತು. ಸಾವಿನ ಕಾರಣಕ್ಕೆ ಆಗಿನ ನೋಂದಣಿಯಲ್ಲಿ ಇದ್ದ ಕಲಮುಗಳು ಕೆಲವೇ: ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಶ್ವಾಸದ ರೋಗ, ಗಾಯ, ಇತರೆ. ಪಟೇಲರು ವೈದ್ಯರಲ್ಲ, ಮನೆಯವರು ಹೇಳಿದ್ದನ್ನು ಹತ್ತಿರದ ಕಲಮಿಗೆ ಹಾಕುತ್ತಿದ್ದರು. ಮಲೇರಿಯಾ, ಟೈಫಾಯ್ಡ್, ಬಾಣಂತಿಯ ನಂಜು ಎಲ್ಲ "ಜ್ವರ"ದ ಚೀಲಕ್ಕೆ ಬಿದ್ದವು. ಹೃದಯ, ಮೂತ್ರಪಿಂಡ, ಸಕ್ಕರೆ, ಹೆಂಗಸರ ಎದೆಯ ಗಂಟು ಇವೆಲ್ಲ "ಇತರೆ"ಗೆ ಹೋದವು.

ಹಾಗಾದರೆ ಕುಟುಂಬದ ಸಾವುಗಳನ್ನು ಸಾಲಾಗಿ ನಿಲ್ಲಿಸಿ ಯಾರೂ ಕೇಳಲೇ ಇಲ್ಲವೇ? ಕೇಳಿದ ಒಂದು ಜಾಗ ಇದೆ: ಅಷ್ಟಮಂಗಲ ಪ್ರಶ್ನೆ. ಮನೆಯಲ್ಲಿ ಮೇಲಿಂದ ಮೇಲೆ ಕಾಯಿಲೆ ಬಂದಾಗ ಕುಟುಂಬದವರೆಲ್ಲ ಚಾವಡಿಯಲ್ಲಿ ಸೇರುತ್ತಾರೆ. ಜೋಯಿಸರು ಕವಡೆ ಮುಂದಿಟ್ಟುಕೊಂಡು ಕೇಳುತ್ತಾರೆ: ಈ ಮನೆಯಲ್ಲಿ ಅಕಾಲದಲ್ಲಿ ಹೋದವರಿದ್ದಾರಾ? ಹೆಣ್ಣಾ, ಗಂಡಾ? ನೀರಿನಲ್ಲಾ, ಬಾಣಂತನದಲ್ಲಾ? ಆಗ ಮೂಲೆಯಲ್ಲಿ ಕೂತ ಹಿರಿಯ ಹೆಂಗಸೊಬ್ಬರು ಮೆಲ್ಲಗೆ ಬಾಯಿ ಬಿಡುತ್ತಾರೆ. ದೊಡ್ಡಜ್ಜಿಯ ತಂಗಿಯೊಬ್ಬಳಿದ್ದಳು, ಎರಡನೇ ಹೆರಿಗೆಯ ಮೂರನೇ ದಿನ ಸನ್ನಿ ಬಂದು ಹೋದಳು, ಅವಳ ಹೆಸರು ಯಾರೂ ಎತ್ತುತ್ತಿರಲಿಲ್ಲ. ಇಂಥ ಪ್ರಶ್ನೆಯೊಂದರಲ್ಲಿ ನಾನೂ ಕೂತಿದ್ದೆ. ದೋಷ, ಪರಿಹಾರಗಳ ಮಾತಿಗಿಂತ ನನ್ನ ಗಮನ ಹೋದದ್ದು ಆ ಬೆಳಗ್ಗೆ ಹೊರಬಂದ ಸಾವುಗಳ ಪಟ್ಟಿಯ ಮೇಲೆ. ನಲವತ್ತರ ಆಸುಪಾಸಿನಲ್ಲಿ ಗದ್ದೆಯ ಅಂಚಿನಲ್ಲಿ ಕುಸಿದವರು, ಮಲಗಿದಲ್ಲೇ ಹೋದವರು, ಕಾಲಿನ ಗಾಯ ಮಾಯದೆ ಹೋದವರು. ವೈದ್ಯರ ಮುಂದೆ ಎಂದೂ ಬಾರದ ಸಂಗತಿಗಳು ಕವಡೆಯ ಮುಂದೆ ಬಂದಿದ್ದವು. ಪರಿಹಾರ ಬರೆದುಕೊಂಡರು. ಪಟ್ಟಿಯನ್ನು ಬರೆದುಕೊಳ್ಳಲಿಲ್ಲ.

ಆ ಪಟ್ಟಿಗೆ ವೈದ್ಯಶಾಸ್ತ್ರದಲ್ಲಿ ಎಷ್ಟು ಬೆಲೆ ಇದೆ ಎಂಬುದಕ್ಕೆ ಅಮೆರಿಕದ ಒಂದು ಪಟ್ಟಣದ ಉದಾಹರಣೆ ಕೊಡಬಹುದು. ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಆಗ ಹೆಚ್ಚುಕಡಿಮೆ ಇಂದಿನ ಕುಂದಾಪುರ ಪಟ್ಟಣದಷ್ಟು ಜನರಿದ್ದ ಊರು. 1948ರಲ್ಲಿ ಅಲ್ಲಿನ 5,209 ಮಂದಿಯ ಆರೋಗ್ಯವನ್ನು ಬರೆದಿಡಲು ಶುರುಮಾಡಿದರು. 1971ರಲ್ಲಿ ಅವರ ಮಕ್ಕಳನ್ನು, 2002ರಲ್ಲಿ ಮೊಮ್ಮಕ್ಕಳನ್ನು ಸೇರಿಸಿಕೊಂಡರು. ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟು ಹೃದಯಕ್ಕೆ ಏನು ಮಾಡುತ್ತವೆ ಎಂಬುದರ ತಿಳಿವಳಿಕೆಯಲ್ಲಿ ಬಹುಪಾಲು ಆ ಊರಿನಿಂದ ಬಂತು. ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕಿಂತ ಮೊದಲು, ತಾಯಿಗೋ ಅಕ್ಕತಂಗಿಯರಿಗೋ 65ಕ್ಕಿಂತ ಮೊದಲು ಹೃದ್ರೋಗ ಕಾಣಿಸಿಕೊಂಡಿದ್ದರೆ ಅದು ನಮ್ಮ ಪಾಲಿಗೂ ಎಚ್ಚರಿಕೆ ಎಂದು ವೈದ್ಯರು ಇಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಸಕ್ಕರೆ ಕಾಯಿಲೆ, ಸ್ತನ ಕ್ಯಾನ್ಸರ್‌ಗಳಲ್ಲೂ ಮನೆಯ ಇತಿಹಾಸ ಕೇಳುವುದು ಇದಕ್ಕೇ. ಮಲಗಿದಲ್ಲೇ ಹೋದವರನ್ನು ನಾವು "ಪುಣ್ಯವಂತ, ಯಾರಿಗೂ ಕಷ್ಟ ಕೊಡಲಿಲ್ಲ" ಎನ್ನುತ್ತೇವೆ. ಆ ಪುಣ್ಯವಂತನಿಗೆ ನಲವತ್ತೆಂಟೇ ವರ್ಷವಾಗಿದ್ದರೆ ಅವನ ಮಕ್ಕಳು ಅದನ್ನು ವೈದ್ಯರ ಕಿವಿಗೆ ಹಾಕಬೇಕು.

ಮುಚ್ಚಿಡುವುದಕ್ಕೆ ಕಾರಣಗಳೂ ಇದ್ದವು. ಕ್ಷಯ, ಕುಷ್ಠ, ಮೂರ್ಛೆ, ಮನಸ್ಸಿನ ಕಾಯಿಲೆ ಇತ್ತೆಂದು ತಿಳಿದರೆ ಆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುತ್ತಿರಲಿಲ್ಲ. ಮೌನ ಆಗ ಒಂದು ರಕ್ಷಣೆ. ಈಗ ಆ ಮೌನವನ್ನು ಕಾಯುತ್ತಿರುವವರು ಎಪ್ಪತ್ತು, ಎಂಬತ್ತು ದಾಟಿದ ಹೆಂಗಸರು. ಮಕ್ಕಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ. ರಕ್ತಪರೀಕ್ಷೆಯ ವರದಿ ಕ್ಷಣದಲ್ಲಿ ಸಮುದ್ರ ದಾಟುತ್ತದೆ. ಆದರೆ ಆ ವರದಿಯ ಪಕ್ಕದಲ್ಲಿ ಇಡಬೇಕಾದ ಮೂರು ತಲೆಮಾರಿನ ವಿವರ ಊರಿನ ಜಗಲಿಯಲ್ಲಿ ಕೂತ ಒಬ್ಬರ ತಲೆಯೊಳಗೆ ಮಾತ್ರ ಇದೆ.

ಕಳೆದ ಬೇಸಗೆಯಲ್ಲಿ ನಾನು ನಮ್ಮ ದೊಡ್ಡಮ್ಮನ ಹತ್ತಿರ ಕೂತು ಬರೆದುಕೊಂಡೆ. ಹೆಸರು, ಅಂದಾಜು ಪ್ರಾಯ, ಕೊನೆಯ ತಿಂಗಳುಗಳಲ್ಲಿ ಹೇಗಿದ್ದರು, ಏನು ತಿನ್ನಲಾಗುತ್ತಿರಲಿಲ್ಲ, ಎಲ್ಲಿ ಊದಿತ್ತು. ಕಾಯಿಲೆಯ ಹೆಸರು ಕೇಳಲಿಲ್ಲ. ಅದು ಅವರಿಗೆ ಗೊತ್ತಿರುವುದೂ ಇಲ್ಲ. "ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡೀತಿದ್ರು, ಕಾಲಿನ ಹುಣ್ಣು ಒಣಗ್ಲೇ ಇಲ್ಲ" ಎಂದರು. ಇಷ್ಟು ಸಿಕ್ಕಿದರೆ ವೈದ್ಯರಿಗೆ ಹಿಡಿದುಕೊಂಡು ಹೋಗಲು ಒಂದು ಎಳೆ ಸಿಗುತ್ತದೆ. ಶಾಲೆಯ ನೋಟುಪುಸ್ತಕದಲ್ಲಿ ಎರಡು ಪುಟ ತುಂಬಿತು. ಅದರ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಎರಡು ದಿನದಲ್ಲಿ ಮೂವರು ತಮ್ಮ ಕವಲಿನ ಹೆಸರುಗಳನ್ನು ಸೇರಿಸಿದರು. ಒಬ್ಬಳು ತಂಗಿ ಮಾತ್ರ ಗುಂಪಿನಲ್ಲಿ ಏನೂ ಬರೆಯದೆ ನನಗೆ ಫೋನು ಮಾಡಿ, ತನ್ನ ಅಮ್ಮನ ಎದೆಯಲ್ಲಿ ಗಂಟು ಇದ್ದದ್ದನ್ನು ಮೊದಲ ಸಲ ಹೇಳಿದಳು. ಮುಂದಿನ ವಾರ ಅವಳು ಪರೀಕ್ಷೆಗೆ ಹೋಗುತ್ತಿದ್ದಾಳೆ.