‘ಧಾರವಾಡಕ್ಕ ಕಳಸ್ರಿ’ ಅನ್ನುವ ಮಾತಿನ ಹಿಂದಿನ ಇತಿಹಾಸ

“ಇವನ ತಲಿ ಕೆಟ್ಟೈತಿ, ಧಾರವಾಡಕ್ಕ ಕಳಸ್ರಿ.” ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಈ ಮಾತು ಕೇಳದವರು ಕಡಿಮೆ. ಕಟ್ಟೆ ಮೇಲೆ ಕುಳಿತಾಗ ಇದು ತಮಾಷೆ. ನಮ್ಮ ಮನೆಯಲ್ಲೇ ಒಬ್ಬರಿಗೆ ಕಾಯಿಲೆ ಬಂದಾಗ ಇದೇ ಮಾತು ಚುಚ್ಚುತ್ತದೆ. ಬರಲ್ಲ ಎನ್ನುವ ಮನುಷ್ಯನನ್ನು ಆಸ್ಪತ್ರೆಗೆ ಸೇರಿಸುವ ಅಧಿಕಾರ ಯಾರಿಗಿದೆ? ನೂರೈವತ್ತು ವರ್ಷದಲ್ಲಿ ಇದಕ್ಕೆ ಕಾನೂನು ಕೊಟ್ಟ ಉತ್ತರ ಬದಲಾಗುತ್ತಾ ಬಂದಿದೆ.

ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲವದು. ಇಲ್ಲಿ 1845ರಲ್ಲಿ ಹುಚ್ಚಾಸ್ಪತ್ರೆ ಶುರುವಾಯಿತು. ಇಂದಿನ ಡಿಮ್ಹಾನ್ಸ್ ಬೆಳೆದದ್ದು ಅದರಿಂದಲೇ. ನರಗುಂದದ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಬಂಡೆದ್ದ 1858ರಲ್ಲೇ ಹುಚ್ಚಾಸ್ಪತ್ರೆಗಳ ಕಾಯ್ದೆಯೂ ಬಂತು. ಬೀದಿಯಲ್ಲಿ ಅಲೆಯುವ ಅಥವಾ ಅಪಾಯಕಾರಿ ಎನಿಸುವ ಮನೋರೋಗಿಯನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ವೈದ್ಯಾಧಿಕಾರಿ ನೋಡಬೇಕು, ಆದೇಶವಾದರೆ ಆಸ್ಪತ್ರೆಗೆ ಕಳಿಸಬೇಕು. ಕಾನೂನಿನ ಕಣ್ಣು ರೋಗಕ್ಕಿಂತ ಹೆಚ್ಚಾಗಿ ಬೀದಿಯ ಶಾಂತಿಯ ಮೇಲಿತ್ತು. ಹೀಗಾಗಿ ಮನೆ-ಮಠ ಇಲ್ಲದವರು, ನೋಡಿಕೊಳ್ಳುವವರಿಲ್ಲದವರು ಮೊದಲು ಸಿಕ್ಕಿಬೀಳುವಂತಿತ್ತು.

1912ರ ಕಾಯ್ದೆಯೂ ಇದೇ ಹಾದಿ ಹಿಡಿಯಿತು. ಸ್ವಾತಂತ್ರ್ಯ ಬಂತು, 1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಆ ಕಾಯ್ದೆ 1993ರವರೆಗೆ ನಡೆಯಿತು. ಆಮೇಲೆ ಜಾರಿಯಾದ 1987ರ ಕಾಯ್ದೆ ಬಂಧುಗಳ ಅರ್ಜಿ ಮತ್ತು ಇಬ್ಬರು ವೈದ್ಯರ ಪ್ರಮಾಣಪತ್ರ ಇದ್ದರೆ ಕೋರ್ಟಿನ ಆದೇಶವಿಲ್ಲದೆಯೂ 90 ದಿನದವರೆಗೆ ದಾಖಲಿಸಲು ಅವಕಾಶ ಕೊಟ್ಟಿತು.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾಕ್ಕೆಂದು ಕರೆತಂದು ಸರಪಳಿ ಹಾಕಿ ಕಟ್ಟಿದ್ದ 28 ಜನ ಓಡಲಾಗದೆ ಸತ್ತರು. ದೇಶವೇ ಬೆಚ್ಚಿತು, ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು.

ಈಗಿರುವುದು 2017ರ ಕಾಯ್ದೆ. ಸರಪಳಿ ಹಾಕುವುದನ್ನು ಅದು ನಿಷೇಧಿಸಿದೆ. ಒಪ್ಪದವರನ್ನು ದಾಖಲಿಸಬೇಕಾದರೆ ರೋಗಿಯ ಪರವಾಗಿ ನೇಮಕವಾದ ಪ್ರತಿನಿಧಿ ಅರ್ಜಿ ಕೊಡಬೇಕು. ಮನೋವೈದ್ಯರೂ ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಕಾಯಿಲೆ ತೀವ್ರವಾಗಿದ್ದು, ತನಗೋ ಬೇರೆಯವರಿಗೋ ಹಾನಿ ಮಾಡುವ ಅಪಾಯವಿರಬೇಕು, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದೆ ಹಾನಿಯಾಗುವ ಸ್ಥಿತಿ ಇರಬೇಕು. ಅವಧಿ 30 ದಿನ. ಅದಕ್ಕಿಂತ ಹೆಚ್ಚು ಇಡಲು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ ಬೇಕು. ದಾಖಲಾತಿ ಸರಿಯಿಲ್ಲ ಅನಿಸಿದರೆ ರೋಗಿಯೇ ಮಂಡಳಿಗೆ ದೂರು ಕೊಡಬಹುದು. ಅಲೆಯುತ್ತಿರುವವರನ್ನು ಪೊಲೀಸರು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು.

ಕಾನೂನು ಬದಲಾಯಿತು. ಒಳಗೆ ಹೋಗುವವರು ಬದಲಾದರೇ? 22 ದೇಶಗಳ 77 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯೊಂದು 2019ರಲ್ಲಿ ಪ್ರಕಟವಾಯಿತು. ಭ್ರಮೆ ಹುಟ್ಟಿಸುವ ತೀವ್ರ ಕಾಯಿಲೆ ಇರುವವರು, ಮೊದಲೊಮ್ಮೆ ಬಲವಂತದಿಂದ ದಾಖಲಾದವರು, ಔಷಧ ಸರಿಯಾಗಿ ತೆಗೆದುಕೊಳ್ಳದವರು, ಒಂಟಿಯಾಗಿರುವವರು, ಕೆಲಸವಿಲ್ಲದವರು, ಪೊಲೀಸರ ಮೂಲಕ ಬಂದವರು ಒತ್ತಾಯದ ದಾಖಲಾತಿಗೆ ಹೆಚ್ಚಾಗಿ ಒಳಗಾಗುತ್ತಾರೆ ಎಂದು ಅದು ಹೇಳಿತು. ಒಂಟಿತನ, ಬಡತನ, ಪೊಲೀಸ್: 1858ರ ನೆರಳು ಇನ್ನೂ ಇದೆ.

ಇದರಲ್ಲಿ ನಮ್ಮ ಕೈಯಲ್ಲಿರುವುದೂ ಇದೆ. ಒಬ್ಬರು ನಿದ್ದೆ ಬಿಟ್ಟರೆ, ತನ್ನಷ್ಟಕ್ಕೇ ಮಾತಾಡಿಕೊಂಡರೆ, ಎಲ್ಲರ ಮೇಲೂ ಅನುಮಾನ ಪಟ್ಟರೆ, ದೇವರು-ದಿಂಡಿರ ಹರಕೆ ಒಂದು ಕಡೆ ಇರಲಿ, ವೈದ್ಯರಿಗೂ ತೋರಿಸೋಣ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ‘ಮನೋಚೈತನ್ಯ’ ಯೋಜನೆ ಇದೆ. 14416 ಟೆಲಿಮಾನಸ್‌ಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಗುಣವಾಯಿತೆಂದು ಗುಳಿಗೆಯನ್ನು ನಾವೇ ನಿಲ್ಲಿಸುವುದು ಬೇಡ.

ಧಾರವಾಡಕ್ಕೆ ಹೋಗುವುದೇ ಆದರೆ ಜೀಪಿನಲ್ಲಿ ಕೈ ಕಟ್ಟಿಸಿಕೊಂಡಲ್ಲ, ಮನೆಯವರ ಜೊತೆ ಬಸ್ಸಿನಲ್ಲಿ ಕೂತು, ಕಾಯಿಲೆ ಬಲಿಯುವ ಮೊದಲೇ ಹೋಗುವಂತಾಗಲಿ.