ಮಳೆ ಜೊತೆ ಮಾತಾಡೋ ಹಾಡು (ಬಾಳೂರಿನಿಂದ, 5 ಭಾಗಗಳಲ್ಲಿ)

1/5
ಜೂನ್‌ನಲ್ಲಿ ಮೊದಲ ಜೋರು ಮಳೆ ಬಂದ ದಿನ ನಿಮ್ಮ ಸ್ಟೋರಿಗೆ ಯಾವ ಹಾಡು ಹಾಕಿದ್ರಿ? ಹೇಳೋದೇ ಬೇಡ. ‘ಮುಂಗಾರು ಮಳೆಯೇ’. ನಮ್ಮ ಕ್ಲಾಸ್‌ನಲ್ಲೇ ಹನ್ನೊಂದು ಜನ ಹಾಕಿದ್ರು, ಎಣಿಸಿದ್ದೀನಿ. ಬಿಕಾಂ ಅಲ್ವಾ, ಲೆಕ್ಕ ಬಿಡೋಕಾಗಲ್ಲ 😄 ಸಿನಿಮಾ ಬಿಡುಗಡೆಯಾಗಿದ್ದು 2006ರ ಡಿಸೆಂಬರ್ 29ಕ್ಕೆ. ಅಂದ್ರೆ ಹಾಡಿಗೂ ನಮಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಜೊತೆಗೇ ಬೆಳೆದ ಹಾಡಿನ ಕಥೆ ಗೊತ್ತಿರಬೇಕು ತಾನೇ?

2/5
‘ಮುಂಗಾರು ಮಳೆ’ ದೊಡ್ಡ ಸ್ಟಾರ್ ಸಿನಿಮಾ ಆಗಿರಲಿಲ್ಲ. ನಿರ್ದೇಶಕ ಯೋಗರಾಜ್ ಭಟ್, ಅದಕ್ಕೆ ಮುಂಚೆ ಮಾಡಿದ್ದು ‘ಮಣಿ’, ‘ರಂಗ ಎಸ್ಸೆಸ್ಸೆಲ್ಸಿ’. ಹೀರೋ ಗಣೇಶ್, ಟಿವಿಯ ‘ಕಾಮಿಡಿ ಟೈಮ್’ನಿಂದ ಮನೆಮಾತಾದವರು. ಸಂಗೀತ ಕೊಟ್ಟ ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿದ್ದ ಸಾಫ್ಟ್‌ವೇರ್ ಉದ್ಯಮಿ. ‘ಅನಿಸುತಿದೆ’ ಬರೆದ ಜಯಂತ ಕಾಯ್ಕಿಣಿ ಗೋಕರ್ಣದ ಕಥೆಗಾರ. ಈ ಟೈಟಲ್ ಹಾಡನ್ನ ಮಾತ್ರ ಭಟ್ಟರೇ ಬರೆದ್ರು. ಹಾಡಿದ್ದು ಸೋನು ನಿಗಮ್, ಮನೆಮಾತು ಕನ್ನಡ ಅಲ್ಲ. ಇಷ್ಟು ದೂರದೂರದವರು ಸೇರಿ ಮಾಡಿದ ಸಿನಿಮಾ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಓಡ್ತು. ಹಾಡು ಎಲ್ಲರ ಕಾಲರ್ ಟ್ಯೂನ್ ಆಯ್ತು.

3/5
ಈ ಹಾಡಿನಲ್ಲಿ ನನಗೆ ಇಷ್ಟವಾಗೋದು ಒಂದು ‘ಏ’. ‘ಮಳೆಯೇ’! ಹುಡುಗ ಹುಡುಗಿ ಜೊತೆ ಮಾತಾಡ್ತಿಲ್ಲ, ಮಳೆಯನ್ನೇ ಕರೆದು ಮಾತಾಡಿಸ್ತಾನೆ. ಅದಕ್ಕೂ ಮುಂಚೆ ನಮ್ಮ ಸಿನಿಮಾಗಳಲ್ಲಿ ಮಳೆ ಹಾಡು ಅಂದ್ರೆ ಜೋಡಿ ನೆನೆದು ಕುಣಿಯೋದೇ ಹೆಚ್ಚು. ಇಲ್ಲಿ ಮಳೆಯೇ ಒಂದು ಪಾತ್ರ.

4/5
ಆ ಮಳೆ ಎಲ್ಲಿಯದು ಗೊತ್ತಾ? ಕಥೆ ನಡೆಯೋದು ಮಡಿಕೇರಿಯಲ್ಲಿ. ಶೂಟಿಂಗ್ ಆಗಿದ್ದು ಸಕಲೇಶಪುರ, ಮಡಿಕೇರಿ, ಜೋಗದ ಕಡೆ. ಸಕಲೇಶಪುರ ನಮ್ಮ ಮೂಡಿಗೆರೆಗೆ ಪಕ್ಕದ ತಾಲ್ಲೂಕು. ಅಂದ್ರೆ ಇಡೀ ಕರ್ನಾಟಕ ಪ್ರೀತಿಸಿದ್ದು ನಮ್ಮ ಮನೆ ಹೆಂಚಿನ ಮೇಲೆ ಬೀಳೋ ಮಳೆಯನ್ನೇ. ಆದ್ರೆ ಕಾಫಿ ಮನೆಯವರನ್ನ ಕೇಳಿ ನೋಡಿ. ಅವರಿಗೆ ಪ್ರೀತಿ ಮಾರ್ಚ್, ಏಪ್ರಿಲ್‌ನ ಹೂಮಳೆ ಮೇಲೆ, ಯಾಕಂದ್ರೆ ಅದು ಬಂದ್ರೇನೇ ಕಾಫಿ ಹೂ ಅರಳೋದು. ಮುಂಗಾರು ಬಿಡದೆ ಹೊಡೆದ್ರೆ ಕೊಳೆರೋಗ, ಕಾಯಿ ಉದುರೋದು. ಹಾಡಲ್ಲಿ ರೊಮ್ಯಾನ್ಸ್, ಅಪ್ಪನ ಡೈರಿಯಲ್ಲಿ ನಷ್ಟ.

5/5
2019ರ ಆಗಸ್ಟ್. ನಾನು ಎಂಟನೇ ಕ್ಲಾಸ್. ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದು ಮನೆ, ತೋಟ ಹೋದವು. ನಮ್ಮ ಮನೆ ಉಳೀತು, ಮೇಲಿನ ತೋಟದ ಒಂದು ಪಟ್ಟೆ ಕೆಳಗೆ ಬಂತು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ರಾತ್ರಿ ಅಜ್ಜಿ ಬಾಗಿಲಲ್ಲಿ ನಿಂತು ಕತ್ತಲೆಗೆ ಹೇಳ್ತಿದ್ದರು: “ಸಾಕು ಮಾರಾಯ, ಇನ್ನು ನಿಲ್ಲು.” ಆಮೇಲೆ ಎರಡು ವರ್ಷ ಅಮ್ಮ ಈ ಹಾಡು ಬಂದ್ರೆ ಟಿವಿ ಚಾನೆಲ್ ಬದಲಾಯಿಸ್ತಿದ್ರು. ನನಗೂ ಕೋಪ ಬರ್ತಿತ್ತು, ಬೆಂಗಳೂರಿನವರಿಗೆ ಎಂತ ಗೊತ್ತು ಅಂತ.

ಈ ಸಲ ಕೊಟ್ಟಿಗೆಹಾರಕ್ಕೆ ಹೋಗೋ ಬಸ್ಸಲ್ಲಿ ಡ್ರೈವರ್ ಇದೇ ಹಾಡು ಹಾಕಿದ್ರು. ಹೊರಗೆ ಧಾರಾಕಾರ ಮಳೆ. ಪಕ್ಕಕ್ಕೆ ನೋಡಿದ್ರೆ ಅಮ್ಮ ಕಿಟಕಿ ಕಡೆ ಮುಖ ಮಾಡಿ ಮೆಲ್ಲಗೆ ಗುನುಗ್ತಿದ್ದಾರೆ! ಆಗ ಹೊಳೀತು. ಅಜ್ಜಿ ಮಾಡಿದ್ದೂ ಅದೇ ತಾನೇ, ಮಳೆಯನ್ನ ಕರೆದು ಮಾತಾಡಿಸಿದ್ದು. ಹಾಡು ಮಳೆಯನ್ನ ಮುದ್ದಿಂದ ಕೇಳುತ್ತೆ, ಅಜ್ಜಿ ಭಯದಿಂದ ಕೇಳಿದ್ರು. ಮಲೆನಾಡಲ್ಲಿ ಇರೋರಿಗೆ ಎರಡೂ ಬೇಕಾಗುತ್ತೆ.

ಮುಂದಿನ ಮಳೆಗೆ ಸ್ಟೋರಿ ಹಾಕಿ, ಬೇಡ ಅನ್ನಲ್ಲ. ಹಾಕಿದ ಮೇಲೆ ಘಟ್ಟದ ಮೇಲಿರೋ ಒಬ್ಬ ಗೆಳೆಯನಿಗೆ, ಗೆಳತಿಗೆ ಒಂದು ಮೆಸೇಜ್ ಹಾಕಿ: “ಅಲ್ಲಿ ಮಳೆ ಹೇಗಿದೆ? ಎಲ್ಲ ಹುಷಾರಾ?” 🌧️

ನಿಮ್ಮ ಮನೇಲಿ ಮಳೆಗೆ ಎಂತ ಹೇಳ್ತಾರೆ? ಕಾಮೆಂಟ್‌ನಲ್ಲಿ ಬರೀರಿ.

#ಬಾಳೂರು #ಮೂಡಿಗೆರೆ #ಮುಂಗಾರುಮಳೆ #ಹಾಡಿನಕಥೆ