ಬಿದ್ರಿ ಕಲೆ: ಕಲಿಯುವವರಿಗೆ ಮಾಹಿತಿ

ಬೀದರ್ ನಗರದ ಹೆಸರನ್ನೇ ಹೊತ್ತಿರುವ ಬಿದ್ರಿ ಕಲೆಯು ಕರ್ನಾಟಕದ ಲೋಹಶಿಲ್ಪ ಪರಂಪರೆಯಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿದೆ. ಕಪ್ಪು ಲೋಹದ ಮೈಯಲ್ಲಿ ಬೆಳ್ಳಿಯ ತಂತಿ ಹಾಗೂ ತಗಡನ್ನು ಕೂರಿಸಿ ಚಿತ್ತಾರ ಮೂಡಿಸುವ ಈ ಕಲೆಯು ಬಹಮನಿ ಸುಲ್ತಾನರ ಆಶ್ರಯದಲ್ಲಿ ಬೀದರ್‌ನಲ್ಲಿ ನೆಲೆಯೂರಿತೆಂಬುದು ಪ್ರಚಲಿತವಾದ ಅಭಿಪ್ರಾಯ. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರ್‌ನ ಹಿರಿಯ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ಹಿಂದೆ ಹುಕ್ಕಾ ಬುಡ, ಹೂಜಿ, ತಟ್ಟೆ, ಎಲೆಯಡಿಕೆ ಡಬ್ಬಿಗಳಿಗೆ ಹೆಸರಾಗಿದ್ದ ಈ ಕಲೆಯಲ್ಲಿ ಈಗ ಕಿವಿಯೋಲೆ, ಪದಕ, ಬಳೆಗಳೂ ತಯಾರಾಗುತ್ತಿದ್ದು, ಆಭರಣ ವಿನ್ಯಾಸವನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೂ ಇದು ಆಸಕ್ತಿಯ ವಿಷಯವಾಗಿದೆ. ಅಂತಹವರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಲೋಹ ಮತ್ತು ಎರಕ

ಬಿದ್ರಿಯ ಮೂಲ ಲೋಹವು ಸತು ಮತ್ತು ತಾಮ್ರಗಳ ಮಿಶ್ರಣ. ವಾಡಿಕೆಯ ಪ್ರಮಾಣ 16 ಭಾಗ ಸತುವಿಗೆ 1 ಭಾಗ ತಾಮ್ರ. ಅಂದರೆ ಒಂದು ಕಿಲೋಗ್ರಾಂ ಮಿಶ್ರಲೋಹದಲ್ಲಿ ತಾಮ್ರವು ಸುಮಾರು 59 ಗ್ರಾಂ ಮಾತ್ರ. ಪ್ರಮಾಣ ಅಲ್ಪವಾದರೂ ಮುಂದೆ ಬರುವ ಕಪ್ಪು ಬಣ್ಣಕ್ಕೆ ಈ ತಾಮ್ರವೇ ಆಧಾರವಾದುದರಿಂದ ತೂಕದಲ್ಲಿ ಅಂದಾಜು ಸಲ್ಲದು. ಹರಳೆಣ್ಣೆ ಮತ್ತು ರಾಳ ಬೆರೆಸಿದ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ತಣಿದ ನಂತರ ಅರದಿಂದ ಉಜ್ಜಿ ನುಣುಪುಗೊಳಿಸಲಾಗುತ್ತದೆ.

ಸತುವು ಸುಮಾರು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅತಿಯಾಗಿ ಕಾಯಿಸಿದಲ್ಲಿ ಬಿಳಿಯ ಹೊಗೆ ಏಳುತ್ತದೆ. ಇದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರದಂತಹ ತೊಂದರೆ ಕಾಣಿಸಿಕೊಳ್ಳುತ್ತದೆ. ಆದುದರಿಂದ ಮೂಸೆಯ ಕೆಲಸವನ್ನು ಗಾಳಿಯಾಡುವ ಸ್ಥಳದಲ್ಲಿ, ಅನುಭವಿಗಳ ಸಮ್ಮುಖದಲ್ಲಿಯೇ ಮಾಡತಕ್ಕದ್ದು.

ಕೆತ್ತನೆ ಮತ್ತು ಬೆಳ್ಳಿಯ ಜೋಡಣೆ

ಕಲಿಕೆಯ ಬಹುಪಾಲು ಕಾಲ ವ್ಯಯವಾಗುವುದು ಈ ಹಂತದಲ್ಲಿ. ನುಣುಪಾದ ಲೋಹಕ್ಕೆ ಮೈಲುತುತ್ತದ ದ್ರಾವಣವನ್ನು ಹಚ್ಚಿದಾಗ ಮೈಯೆಲ್ಲ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಮೊನಚಾದ ಕಡ್ಡಿಯಿಂದ ಚಿತ್ರ ಗೀರಿದರೆ ಗೆರೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ನುರಿತವರು ಇದನ್ನು ನಕಲು ಹಾಳೆಯ ನೆರವಿಲ್ಲದೆ ಕೈಯಿಂದಲೇ ಬರೆಯುತ್ತಾರೆ. ನಂತರ ಸಣ್ಣ ಉಳಿಗಳಿಂದ ಗೆರೆಯುದ್ದಕ್ಕೂ ತೋಡು ತೆಗೆದು, ಅದರಲ್ಲಿ ಬೆಳ್ಳಿಯನ್ನಿಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿಯಲಾಗುತ್ತದೆ. ಇಲ್ಲಿ ಬೆಸುಗೆಯಾಗಲಿ ಅಂಟಾಗಲಿ ಇರುವುದಿಲ್ಲ. ತೋಡಿನ ಅಂಚುಗಳೇ ಬೆಳ್ಳಿಯನ್ನು ಹಿಡಿದಿಡಬೇಕು. ತೋಡು ಆಳವಿಲ್ಲದಿದ್ದರೆ ಉಜ್ಜುವಾಗ ಬೆಳ್ಳಿ ಎದ್ದುಬರುತ್ತದೆ. ಅಂಚು ಮುರಿದರೆ ಗೆರೆ ದಪ್ಪವಾಗಿ ಹೂವಿನ ಆಕಾರವೇ ಕೆಡುತ್ತದೆ.

ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ, ಕತ್ತರಿಸಿದ ತಗಡನ್ನು ಮಟ್ಟಸವಾಗಿ ಕೂರಿಸುವುದಕ್ಕೆ ತಹನಿಶಾನ್ ಎಂದೂ ಹೆಸರು. ಬೆಳ್ಳಿಯು ಮೇಲೆದ್ದು ಕಾಣುವ ಕೆಲಸವನ್ನು ಜರ್‌ಬುಲಂದ್ ಎನ್ನುತ್ತಾರೆ. ಅಫ್ತಾಬಿ ಇದಕ್ಕೆ ತದ್ವಿರುದ್ಧ: ಅಲ್ಲಿ ಬೆಳ್ಳಿಯೇ ಹಿನ್ನೆಲೆಯಾಗಿ, ಹೂಬಳ್ಳಿಗಳು ಕಪ್ಪಾಗಿ ಉಳಿಯುತ್ತವೆ. ಹೊಸಬರು ತಾರ್‌ಕಶಿಯಿಂದ ಆರಂಭಿಸುವುದು ಸೂಕ್ತ.

ವೆಚ್ಚದ ವಿಷಯವನ್ನೂ ಇಲ್ಲಿಯೇ ಹೇಳಬೇಕಾಗುತ್ತದೆ. ಸತುವಿನ ತುಂಡು ಹಾಳಾದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಬೆಳ್ಳಿಯ ನಷ್ಟ ಅಷ್ಟು ಸುಲಭವಾಗಿ ಭರ್ತಿಯಾಗದು. ತೋಡು ತೆಗೆಯುವ ಕೈ ಪಳಗುವವರೆಗೆ ಬೆಳ್ಳಿಯಿಲ್ಲದೆಯೇ ಚಪ್ಪಟೆ ತುಂಡುಗಳ ಮೇಲೆ ಅಭ್ಯಾಸ ಮಾಡುವುದು ಮಿತವ್ಯಯಕರ. ಬೆಳ್ಳಿ ಕೂರಿಸಿದ ಮೇಲೆ ಅರದಿಂದ ಉದುರುವ ಪುಡಿಯನ್ನು ಸಂಗ್ರಹಿಸಿ, ಕೊಟ್ಟ ಬೆಳ್ಳಿ, ಬಳಕೆಯಾದ ಬೆಳ್ಳಿ, ಉಳಿಕೆ ಇವುಗಳ ಲೆಕ್ಕವನ್ನು ಮೊದಲ ದಿನದಿಂದಲೇ ಬರೆದಿಡುವುದು ಒಳಿತು. ಲೆಕ್ಕವಿಡದೆ ನಿಗದಿಪಡಿಸಿದ ಬೆಲೆಯಲ್ಲಿ ಕೂಲಿಯೇ ಹುಟ್ಟದಿರುವ ಸಂಭವವಿರುತ್ತದೆ.

ಕೋಟೆಯ ಮಣ್ಣು

ಕೊನೆಯ ಹಂತ ಅಲ್ಪಾವಧಿಯದಾದರೂ ಬಿದ್ರಿಯನ್ನು ಬಿದ್ರಿಯನ್ನಾಗಿಸುವುದು ಅದೇ. ಬೀದರ್ ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಿಸಿಲು ಮಳೆ ತಾಗದೆ ಉಳಿದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ ಕಾಯಿಸಿ ವಸ್ತುವಿಗೆ ತಾಗಿಸಿದಾಗ, ಸತುವಿನ ಮೈ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬದಲಾಗದೆ ಹೊಳೆಯುತ್ತದೆ. ಬಳಿಕ ತೊಳೆದು, ಒರೆಸಿ, ಎಣ್ಣೆ ಹಚ್ಚಲಾಗುತ್ತದೆ. ಮಣ್ಣು ತಕ್ಕುದೇ ಅಲ್ಲವೇ ಎಂಬುದನ್ನು ಹಿರಿಯ ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ರುಚಿಯಿಂದ ನಿರ್ಣಯಿಸುತ್ತಾರೆ. ಈ ತಿಳಿವಳಿಕೆಯನ್ನು ಯಾವುದೇ ಕೈಪಿಡಿಯಿಂದ ಪಡೆಯಲಾಗದು. ಅದನ್ನು ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಕೋಟೆಯು ಸಂರಕ್ಷಿತ ಸ್ಮಾರಕವಾಗಿರುವುದರಿಂದ ಕಲಿಯುವವರು ತಾವಾಗಿಯೇ ಅಲ್ಲಿ ಮಣ್ಣು ಅಗೆಯಬಾರದು.

ಒಂದು ವಸ್ತುವಿನ ಎರಕ, ಕೆತ್ತನೆ, ಬೆಳ್ಳಿಯ ಜೋಡಣೆ ಹಾಗೂ ಬಣ್ಣದ ಕೆಲಸಗಳನ್ನು ಬೇರೆ ಬೇರೆ ಜನ ನಿರ್ವಹಿಸುವುದು ಕಾರ್ಯಾಗಾರಗಳಲ್ಲಿ ವಾಡಿಕೆ. ಇದರಿಂದ ಕೆಲಸ ಬೇಗ ಸಾಗುವುದು ನಿಜ. ಆದರೆ ಒಂದೇ ಹಂತದಲ್ಲಿ ನಿಂತುಬಿಟ್ಟ ಕಲಿಕೆಗಾರನು ಎಷ್ಟೇ ವರ್ಷ ದುಡಿದರೂ ಆ ಹಂತದ ಕೂಲಿಗೆ ಸೀಮಿತನಾಗುತ್ತಾನೆ. ಮಣ್ಣಿನ ಗುಣ ಬಲ್ಲವರ ಸಂಖ್ಯೆಯೂ ಬೆಳೆಯುವುದಿಲ್ಲ. ಸೇರುವಾಗಲೇ ಎಲ್ಲ ಹಂತಗಳಲ್ಲಿಯೂ ಸರದಿಯಂತೆ ಕೂರಿಸಬೇಕೆಂದು ಗುರುಗಳಲ್ಲಿ ಕೇಳಿಕೊಳ್ಳುವುದು ಅವಶ್ಯಕ.

ವಿನ್ಯಾಸಕ್ಕೆ ಪ್ರೇರಣೆ

ಮಾದರಿ ಪುಸ್ತಕಗಳಿಂದ ನಕಲು ಮಾಡುವುದು ಸುಲಭವಾದರೂ ಬೀದರ್‌ನಲ್ಲಿಯೇ ಇರುವವರಿಗೆ ಅದರ ಅಗತ್ಯ ಕಡಿಮೆ. ಕೋಟೆಯೊಳಗಿನ ರಂಗೀನ್ ಮಹಲ್‌ನಲ್ಲಿ ಕರಿಕಲ್ಲನ್ನು ಕೊರೆದು ಮುತ್ತಿನ ಚಿಪ್ಪನ್ನು ಕೂರಿಸಲಾಗಿದೆ. ಕಪ್ಪಿನಲ್ಲಿ ಬೆಳಕನ್ನು ಹುದುಗಿಸುವ ಇದೇ ಉಪಾಯ ಬಿದ್ರಿಯಲ್ಲಿಯೂ ಇರುವುದನ್ನು ವಿದ್ಯಾರ್ಥಿಗಳು ಗಮನಿಸಬಹುದು. 1472ರಲ್ಲಿ ನಿರ್ಮಾಣವಾದ ಮಹಮೂದ್ ಗವಾನ್ ಮದರಸಾದ ಬಣ್ಣದ ಹೆಂಚುಗಳು, ಅಷ್ಟೂರಿನ ಅಹಮದ್ ಷಾ ಸಮಾಧಿಯ ಒಳಗಿನ ಚಿತ್ರಗಳು ಹಾಗೂ ಅಕ್ಷರ ಬರಹಗಳು ರೇಖಾಭ್ಯಾಸಕ್ಕೆ ಉತ್ತಮ ಮಾದರಿಗಳು. ಪ್ರಾಚೀನ ಬಿದ್ರಿ ವಸ್ತುಗಳನ್ನು ಹೈದರಾಬಾದ್‌ನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದಾಗಿದೆ. ದುಂಡಗಿನ ಹುಕ್ಕಾ ಬುಡದ ಮೇಲೆ ಒಂದೇ ಗಿಡದ ಚಿತ್ರವು ಉಬ್ಬಿಗೆ ತಕ್ಕಂತೆ ಹಿಗ್ಗಿ, ಕೊರಳಿನಲ್ಲಿ ಕಿರಿದಾಗುವ ರೀತಿಯು ಛಾಯಾಚಿತ್ರದಲ್ಲಿ ತಿಳಿಯುವುದಿಲ್ಲ.

ಆಭರಣಕ್ಕೆ ಹೊಂದಿಸುವಾಗ ಎರಡು ಮಾತು. ದೊಡ್ಡ ತಟ್ಟೆಯ ಚಿತ್ತಾರವನ್ನು ಹಾಗೆಯೇ ಕುಗ್ಗಿಸಿ ಕಿವಿಯೋಲೆಗೆ ಇಳಿಸಿದರೆ ತೋಡುಗಳು ಒಂದರೊಳಗೊಂದು ಸೇರಿಹೋಗುತ್ತವೆ. ಒಂದು ಎಲೆ ಅಥವಾ ಒಂದು ಹೂವನ್ನಷ್ಟೇ ಆಯ್ದುಕೊಳ್ಳುವುದು ಲೇಸು. ಬಿದ್ರಿ ಲೋಹವು ಬಾಗಿಸಿದರೆ ಮುರಿಯುವಂಥದ್ದಾದ ಕಾರಣ, ಬಳೆಯನ್ನು ಅಗತ್ಯವಾದ ಅಳತೆಯಲ್ಲಿಯೇ ಎರಕ ಹೊಯ್ಯಬೇಕು; ಓಲೆಯ ಕೊಕ್ಕೆಯನ್ನು ಬೆಳ್ಳಿಯಲ್ಲಿ ಪ್ರತ್ಯೇಕವಾಗಿ ಮಾಡಿ ಸೇರಿಸಬೇಕು.